ಒಳಗಿನ ಕಾವಲುಗಾರನ ಸುಳ್ಳು ಕೂಗು



ಸಂಘದವರು ಫೋನ್ ಮಾಡಿ ಈ ಸಲದ ಮುಖ್ಯ ಭಾಷಣ ನಿಮ್ಮದು ಎಂದಾಗ ನಾನು ಟ್ಯಾಕ್ಸ್ ಬಗ್ಗೆ ಮಾತಾಡಬೇಕೇನೋ ಅಂದುಕೊಂಡೆ. ನಾನು ಬೆಂಗಳೂರಿನಲ್ಲಿ ಸಿಎ ಮುಗಿಸಿ ಇಲ್ಲಿಗೆ ಬಂದು ಇಂಟರ್ನಲ್ ಆಡಿಟ್ ಮಾಡಿಕೊಂಡಿರುವವನು. ನನ್ನಿಂದ ಜನ ಕೇಳುವುದು ಅದೊಂದೇ. "ಟ್ಯಾಕ್ಸ್ ಬೇಡ ಸಾರ್, ಮನಸ್ಸಿಗೆ ಹತ್ತಿರವಾದದ್ದು ಏನಾದರೂ ಹೇಳಿ" ಅಂದರು. ಹತ್ತಿರವಾದದ್ದು ಒಂದಿದೆ. ಅದು ಒಂದು ಕಿಣ್ವದ ಕತೆ. ಕಿಣ್ವ ಎಂದರೆ ಎನ್‌ಜೈಮ್. ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ಓದಿ ಮರೆತದ್ದು. ಸಭೆಯಲ್ಲಿ ಮೂರ್ನಾಲ್ಕು ಜನ ಡಾಕ್ಟರುಗಳು ಕೂತಿದ್ದೀರಿ. ತಪ್ಪು ಹೇಳಿದರೆ ಅಲ್ಲೇ ಕೈ ಎತ್ತಿ. ಆಡಿಟರ್‌ಗೆ ಆಡಿಟ್ ಮಾಡಿಸಿಕೊಳ್ಳಲು ನಾಚಿಕೆಯಿರಬಾರದು.

ನನ್ನ ತಂಗಿ ದಾವಣಗೆರೆಯಲ್ಲಿದ್ದಾಳೆ. ಅವಳನ್ನು ಕೇಳಿಯೇ ಈ ಮಾತು ಆಡುತ್ತಿದ್ದೇನೆ. "ಹೆಸರೊಂದು ಹೇಳಬೇಡ ಅಣ್ಣ, ಉಳಿದದ್ದು ಏನು ಬೇಕಾದರೂ ಹೇಳು" ಅಂದಿದ್ದಾಳೆ. 2013ರ ಕೊನೆಯಲ್ಲಿ ಅವಳಿಗೆ ಹೆಣ್ಣು ಮಗುವಾಯಿತು. ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೋದ ಸ್ವಲ್ಪ ದಿನಕ್ಕೆ ಬೆರಳ ಗಂಟುಗಳು ನೋಯತೊಡಗಿದವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬಾರದು. ನಮ್ಮಮ್ಮ ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು: "ಹಸಿ ಬಾಣಂತಿ ತಣ್ಣೀರಲ್ಲಿ ಕೈಯಾಡಿಸಿದಳು, ಅದಕ್ಕೇ ವಾಯು ಹಿಡಿದಿದೆ." ಆಮೇಲೆ ಎರಡೂ ಕೆನ್ನೆಯ ಮೇಲೆ, ಮೂಗಿನ ಸೇತುವೆ ದಾಟಿಕೊಂಡು, ಕೆಂಪಗೆ ಒಂದು ಮಚ್ಚೆ ಹರಡಿತು. ಅದನ್ನು ಎಲ್ಲರೂ ಬಂಗು ಅಂದರು. ಹೆರಿಗೆಯಾದವರಿಗೆ ಬಂಗು ಬರುವುದು ಹೊಸದೇನಲ್ಲವಲ್ಲ. ಮೆಡಿಕಲ್ ಶಾಪಿನವನು ಒಂದು ಕ್ರೀಮು ಕೊಟ್ಟ. ಕೂದಲು ಉದುರಿತು, ಅದಕ್ಕೆ ಕಬ್ಬಿಣದ ಮಾತ್ರೆ. ಸುಸ್ತು ಅಂದಳು, ಅದಕ್ಕೆ "ಮಗು ಸಣ್ಣದು, ನಿದ್ದೆ ಇಲ್ಲ" ಎಂಬ ಸಮಾಧಾನ. ಒಂದೊಂದು ದೂರಿಗೂ ಒಂದೊಂದು ಉತ್ತರ ಸಿಕ್ಕಿತು. ಒಂದೂವರೆ ವರ್ಷ ಯಾರೂ ಆ ನಾಲ್ಕೂ ವೋಚರುಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡಲಿಲ್ಲ. ನಾನೂ ನೋಡಲಿಲ್ಲ. ನಾನು ವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ಅವಳ ಮುಖ ನೋಡುತ್ತಿದ್ದವನು.

ಕಾಲು ಊದಿಕೊಂಡು, ಮೂತ್ರದಲ್ಲಿ ನೊರೆ ಕಾಣಿಸಿಕೊಂಡಾಗ ಒಬ್ಬ ಫಿಜಿಷಿಯನ್ ಮೂತ್ರ ಪರೀಕ್ಷೆ ಬರೆದರು. ಪ್ರೋಟೀನು ಸೋರುತ್ತಿತ್ತು. ಅಲ್ಲಿಂದ ರಕ್ತಪರೀಕ್ಷೆ, ಕಿಡ್ನಿ ಬಯಾಪ್ಸಿ. ರಿಪೋರ್ಟಿನಲ್ಲಿ ಎರಡು ಸಾಲುಗಳು ನನಗೆ ಬಾಯಿಪಾಠವಾಗಿವೆ: ಎಎನ್‌ಎ ಪಾಸಿಟಿವ್, ಆ್ಯಂಟಿ ಡಿಎಸ್-ಡಿಎನ್‌ಎ ಪಾಸಿಟಿವ್. ಎಎನ್‌ಎ ಒಂದೇ ಪಾಸಿಟಿವ್ ಬಂದರೆ ಹೆದರಬೇಕಾಗಿಲ್ಲ, ಆರೋಗ್ಯವಂತರಲ್ಲೂ ಅದು ಬರುತ್ತದೆ. ಅದು ಬರೀ ಆಡಿಟ್ ಕ್ವೆರಿ ಇದ್ದಂತೆ, ವಂಚನೆಯ ಪುರಾವೆಯಲ್ಲ. ಎರಡನೆಯದು ಹಾಗಲ್ಲ. ಅದರ ಅರ್ಥ, ಆಕೆಯ ದೇಹ ತನ್ನದೇ ಡಿಎನ್‌ಎಯ ವಿರುದ್ಧ ಪ್ರತಿಕಾಯ ತಯಾರಿಸುತ್ತಿದೆ ಎಂದು. ಕಾಯಿಲೆಯ ಹೆಸರು ಲೂಪಸ್. ಇದು ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು, ಹೆಚ್ಚಿನವರು ಮಕ್ಕಳಾಗುವ ವಯಸ್ಸಿನವರು. ಅಂದರೆ "ಬಾಣಂತಿ ವಾಯು" ಎಂದು ತಳ್ಳಿಹಾಕುವ ವಯಸ್ಸಿನಲ್ಲೇ ಸರಿಯಾಗಿ ಬರುತ್ತದೆ.

ಇನ್ನು ನನ್ನ ತಪ್ಪಿನ ಕತೆ. 2017ರಲ್ಲಿ ಊರಿಗೆ ಹೊರಟೆ. ನಿಮಗೆಲ್ಲ ಗೊತ್ತಿರುವಂತೆ 23 ಕೆಜಿಯ ಎರಡು ಸೂಟ್‌ಕೇಸು. ಚಾಕೊಲೇಟು, ಬಾದಾಮಿ, ಯಾರದೋ ಮಗನ ಶೂ. ತಂಗಿಗೆ ಏನು ಒಯ್ಯಲಿ ಎಂದು ಇಲ್ಲಿಯ ಅಂಗಡಿಯೊಂದರಲ್ಲಿ ನಿಂತಾಗ "ರೋಗನಿರೋಧಕ ಶಕ್ತಿಗೆ" ಎಂದು ಬರೆದಿದ್ದ ದೊಡ್ಡ ಡಬ್ಬಿ ಕಂಡಿತು. ಕಾಯಿಲೆಯವಳಿಗೆ ಶಕ್ತಿ ಬರಲಿ ಎಂದು ಎರಡು ಡಬ್ಬಿ ಕೊಂಡೆ. ಲೇಬಲ್ ಓದಲಿಲ್ಲ. ಕೋಟಿಗಟ್ಟಲೆ ಡಾಲರಿನ ಬ್ಯಾಲೆನ್ಸ್ ಶೀಟಿನ ಅಡಿಟಿಪ್ಪಣಿ ಬಿಡದೆ ಓದುವವನು ಅದನ್ನು ಓದಲಿಲ್ಲ. ಅದರಲ್ಲಿದ್ದದ್ದು ಎಕಿನೇಶಿಯ ಎಂಬ ಗಿಡದ ಪುಡಿ. ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತದೆ ಎಂಬ ಕಾರಣಕ್ಕೇ ಲೂಪಸ್ ಇದ್ದವರು ಅದನ್ನು ಮುಟ್ಟಬಾರದೆಂದು ತಜ್ಞರು ಹೇಳುತ್ತಾರೆ. ಆಲ್ಫಾಲ್ಫಾ ಮೊಳಕೆಯೂ ಅದೇ ಪಟ್ಟಿಯಲ್ಲಿದೆ. ಅಣ್ಣ ಅಮೆರಿಕದಿಂದ ತಂದದ್ದು ಎಂದು ಅವಳು ತಿಂಗಳುಗಟ್ಟಲೆ ತಪ್ಪದೆ ನುಂಗಿದಳು. ಅದೇ ಹೊತ್ತಿಗೆ ಯಾರೋ "ಹೈಡ್ರಾಕ್ಸಿಕ್ಲೋರೋಕ್ವಿನ್ ತಿಂದರೆ ಚರ್ಮ ಕಪ್ಪಾಗುತ್ತೆ" ಅಂದದ್ದು ಕೇಳಿ ಆ ಮಾತ್ರೆಯನ್ನು ಅರ್ಧ ಮಾಡಿದ್ದಳು. ಮುಂದಿನ ಬೇಸಿಗೆಗೆ ಮತ್ತೆ ಮೂತ್ರದಲ್ಲಿ ಪ್ರೋಟೀನು.

ಡಾಕ್ಟರು ಮನೆಯಲ್ಲಿ ತಿನ್ನುತ್ತಿರುವುದೆಲ್ಲ ತರಲು ಹೇಳಿದರಂತೆ. ಡಬ್ಬಿ ನೋಡಿ, "ಇದರಿಂದಲೇ ಆಯಿತು ಅಂತ ನಾನು ಹೇಳಲಾರೆ. ಮಾತ್ರೆ ಅರ್ಧ ಮಾಡಿದ್ದು ದೊಡ್ಡ ಕಾರಣವಿರಬಹುದು. ಆದರೆ ಇದನ್ನು ನಿಲ್ಲಿಸಿ" ಅಂದರಂತೆ. ತಂಗಿ ನನಗೆ ಬೈಯಲಿಲ್ಲ. ಡಬ್ಬಿಯ ಹಿಂಬದಿಯ ಫೋಟೋ ವಾಟ್ಸ್ಯಾಪಿನಲ್ಲಿ ಕಳಿಸಿದಳು, ಅಷ್ಟೆ. ಆ ರಾತ್ರಿಯಿಂದ ನಾನು ಈ ವಿಷಯ ಓದಲು ಶುರು ಮಾಡಿದೆ.

ನನಗೆ ಮೊದಲು ಕೇಳಬೇಕಿದ್ದ ಪ್ರಶ್ನೆ ತುಂಬ ಸರಳವಾದದ್ದು. ಡಿಎನ್‌ಎ ಬಹುತೇಕ ಪ್ರತಿಯೊಂದು ಜೀವಕೋಶದಲ್ಲೂ ಇರುತ್ತದಲ್ಲ, ಹುಟ್ಟಿದಾಗಿನಿಂದ ಇರುತ್ತದಲ್ಲ. ಅದನ್ನು ಕಂಡು ದೇಹ ಏಕಾಏಕಿ "ಕಳ್ಳ, ಕಳ್ಳ" ಎಂದು ಏಕೆ ಕೂಗಬೇಕು? ಇದಕ್ಕೆ ಸಿಕ್ಕ ಉತ್ತರದ ದೊಡ್ಡ ಪಾಲು ನಮ್ಮ ಮನೆಯ ಪಕ್ಕದಲ್ಲೇ ತಯಾರಾದದ್ದು ಎಂದು ತಿಳಿದಾಗ ಆಶ್ಚರ್ಯವಾಯಿತು. ಫಾರ್ಮರ್ಸ್ ಬ್ರಾಂಚ್ ಸ್ಟೇಷನ್ನಿನಲ್ಲಿ ಡಾರ್ಟ್‌ನ ಗ್ರೀನ್ ಲೈನ್ ಹತ್ತಿದರೆ ರೈಲು ಬದಲಿಸದೆ ಸೌತ್‌ವೆಸ್ಟರ್ನ್ ಮೆಡಿಕಲ್ ಡಿಸ್ಟ್ರಿಕ್ಟಿಗೆ ಹೋಗಿ ಇಳಿಯಬಹುದು. ಅಲ್ಲಿರುವುದು ಯುಟಿ ಸೌತ್‌ವೆಸ್ಟರ್ನ್. ಡೌನ್‌ಟೌನಿಗೆ ಕೆಲಸಕ್ಕೆ ಹೋಗುವಾಗ ವರ್ಷಗಟ್ಟಲೆ ಅದರ ಮುಂದೆ ಮೊಬೈಲು ನೋಡುತ್ತ ಹಾದುಹೋಗಿದ್ದೇನೆ.

ಅಲ್ಲಿಯ ಜೇಮ್ಸ್ ಚೆನ್ ಎಂಬ ವಿಜ್ಞಾನಿ ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ ಹುಟ್ಟಿ, ಓದಲು ಅಮೆರಿಕಕ್ಕೆ ಬಂದು, 1997ರಲ್ಲಿ ಡಲ್ಲಾಸಿಗೆ ಬಂದವರು. ನಮ್ಮ ಹಾಗೆಯೇ ಹೊರಗಿನಿಂದ ಬಂದು ಇಲ್ಲಿ ನೆಲೆಯೂರಿದವರು. 2012ರ ಕೊನೆಗೆ ಅವರ ತಂಡ ಒಂದು ಕಿಣ್ವವನ್ನು ಕಂಡುಹಿಡಿಯಿತು. ಹೆಸರು ಸಿಗ್ಯಾಸ್. ಅದಕ್ಕಾಗಿ 2024ರ ಸೆಪ್ಟೆಂಬರಿನಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು.

ಸಿಗ್ಯಾಸ್ ಮಾಡುವ ಕೆಲಸ ಇಷ್ಟು. ಜೀವಕೋಶದಲ್ಲಿ ಡಿಎನ್‌ಎಗೆ ಒಂದು ಕೋಣೆ ಇದೆ, ಅದು ಕೋಶಕೇಂದ್ರ. ತಿಜೋರಿ ಅನ್ನಿ. ತಿಜೋರಿಯ ಹೊರಗೆ, ಕೋಶದ ಹಜಾರದಲ್ಲಿ ಡಿಎನ್‌ಎ ಬಿದ್ದಿದ್ದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ: ವೈರಸ್ ನುಗ್ಗಿರಬಹುದು. ಸಿಗ್ಯಾಸ್ ಆ ಎಳೆಯನ್ನು ಹಿಡಿದುಕೊಳ್ಳುತ್ತದೆ. ಅದರಲ್ಲಿ ಬರೆದಿರುವುದೇನು ಎಂದು ಓದುವುದಿಲ್ಲ, ಇದನ್ನು ಗಮನವಿಟ್ಟು ಕೇಳಿ. ವೈರಸ್ಸಿನದೋ, ನಮ್ಮದೋ ಅದಕ್ಕೆ ಗೊತ್ತಾಗದು. ಇರಬಾರದ ಜಾಗದಲ್ಲಿ ಇದೆಯೋ ಇಲ್ಲವೋ, ಅಷ್ಟೇ ಅದರ ಲೆಕ್ಕ. ಹಿಡಿದ ಕೂಡಲೇ ಸಿಗ್ಯಾಂಪ್ ಎಂಬ ಒಂದು ಚಿಕ್ಕ ಅಣುವನ್ನು ತಯಾರಿಸುತ್ತದೆ. ಆ ಅಣು ಹೋಗಿ ಸ್ಟಿಂಗ್ ಎಂಬ ಪ್ರೋಟೀನನ್ನು ತಟ್ಟಿ ಎಬ್ಬಿಸುತ್ತದೆ. ಸ್ಟಿಂಗ್ ಎದ್ದು ಟಿಬಿಕೆ-1 ಎಂಬ ಇನ್ನೊಂದು ಕಿಣ್ವವನ್ನು ಕರೆಯುತ್ತದೆ. ಕೊನೆಗೆ ಆದೇಶ ತಿಜೋರಿಯೊಳಕ್ಕೆ ಹೋಗಿ, ಕೋಶದಿಂದ ಇಂಟರ್‌ಫೆರಾನ್ ಹೊರಬೀಳುತ್ತದೆ. ಇಂಟರ್‌ಫೆರಾನ್ ಎಂದರೆ ಊರಿಗೆಲ್ಲ ಡಂಗುರ. ಅಕ್ಕಪಕ್ಕದ ಕೋಶಗಳೆಲ್ಲ ಬಾಗಿಲು ಹಾಕಿಕೊಂಡು ದೊಣ್ಣೆ ಹಿಡಿದು ನಿಲ್ಲುತ್ತವೆ.

ಇದನ್ನು ಅವರು ಪತ್ತೆಹಚ್ಚಿದ ರೀತಿ ನನಗೆ, ಲೆಕ್ಕದವನಿಗೆ, ಬಹಳ ಹಿಡಿಸಿತು. ಸ್ಟಿಂಗ್ 2008ರಲ್ಲೇ ಗೊತ್ತಿತ್ತು. ಡಿಎನ್‌ಎ ಬಂದರೆ ಸ್ಟಿಂಗ್ ಏಳುತ್ತದೆ ಎಂದೂ ಗೊತ್ತಿತ್ತು. ನಡುವೆ ಸುದ್ದಿ ಒಯ್ಯುವವರು ಯಾರು ಎಂಬುದಷ್ಟೇ ಗೊತ್ತಿರಲಿಲ್ಲ. ಚೆನ್ ತಂಡದವರು ಕೋಶಗಳ ರಸಕ್ಕೆ ಡಿಎನ್‌ಎ ಹಾಕಿ, ಆಮೇಲೆ 95 ಡಿಗ್ರಿಗೆ ಕಾಯಿಸಿದರು. ಅಷ್ಟು ಬಿಸಿಯಲ್ಲಿ ಪ್ರೋಟೀನುಗಳೆಲ್ಲ ಬೆಂದ ಮೊಟ್ಟೆಯಂತಾಗುತ್ತವೆ. ಆದರೂ ಮೇಲಿನ ತಿಳಿಯನ್ನು ತೆಗೆದು ಬೇರೆ ಕೋಶಗಳಿಗೆ ಹಾಕಿದರೆ ಗಂಟೆ ಬಾರಿಸುತ್ತಿತ್ತು. ಅಂದಮೇಲೆ ಸುದ್ದಿ ಒಯ್ಯುವುದು ಪ್ರೋಟೀನಲ್ಲ, ಬಿಸಿಗೆ ಜಗ್ಗದ ಯಾವುದೋ ಚಿಕ್ಕ ಅಣು. ಮೊದಲು ಅಣುವನ್ನು ಹಿಡಿದರು, ಆಮೇಲೆ ಅದನ್ನು ತಯಾರಿಸುವ ಕಿಣ್ವವನ್ನು. ಚೆಕ್ಕಿನಿಂದ ಹಿಂದಕ್ಕೆ ನಡೆದು ಸಹಿ ಹಾಕಿದವನನ್ನು ಹಿಡಿದ ಹಾಗೆ.

ಈಗ ತಂಗಿಯ ಪ್ರಶ್ನೆಗೆ ಬರೋಣ. ಸಿಗ್ಯಾಸ್‌ಗೆ ನಮ್ಮದು, ಪರರದು ಎಂಬ ಭೇದವಿಲ್ಲದಿದ್ದರೆ ನಾವೆಲ್ಲ ಏಕೆ ಕಾಯಿಲೆ ಬೀಳುವುದಿಲ್ಲ? ಏಕೆಂದರೆ ಗುಡಿಸುವವರು ಇದ್ದಾರೆ. ಟ್ರೆಕ್ಸ್-1 ಎಂಬ ಕಿಣ್ವ ಹಜಾರಕ್ಕೆ ಬಿದ್ದ ನಮ್ಮದೇ ಡಿಎನ್‌ಎ ಚೂರುಗಳನ್ನು ಕತ್ತರಿಸಿ ಹಾಕುತ್ತಿರುತ್ತದೆ. ಅದರ ಜೀನ್ ಕೆಟ್ಟ ಮಕ್ಕಳಲ್ಲಿ ಐಕಾರ್ಡಿ-ಗೂಟಿಯೇರ್ ಎಂಬ ಭೀಕರ ಕಾಯಿಲೆ ಬರುತ್ತದೆ. ಹಸುಗೂಸುಗಳ ಮಿದುಳು ವೈರಸ್ ಸೋಂಕು ತಗುಲಿದಂತೆ ಹಾಳಾಗುತ್ತದೆ, ಹುಡುಕಿದರೆ ವೈರಸ್ಸೇ ಇರುವುದಿಲ್ಲ. ಲೂಪಸ್ ಇರುವ ಕೆಲವರಲ್ಲೂ ಈ ಜೀನಿನ ದೋಷ ಸಿಕ್ಕಿದೆ. ಟ್ರೆಕ್ಸ್-1 ಇಲ್ಲದ ಇಲಿಗಳು ಉರಿಯೂತದಿಂದ ಬೇಗ ಸಾಯುತ್ತವೆ. 2015ರಲ್ಲಿ ಚೆನ್ ತಂಡ ಅಂಥ ಇಲಿಗಳಲ್ಲಿ ಸಿಗ್ಯಾಸ್ ಜೀನನ್ನೂ ತೆಗೆದುಹಾಕಿತು. ಇಲಿಗಳು ಬದುಕಿದವು. ಪ್ರತಿಕಾಯಗಳೂ ಇಲ್ಲ, ಉರಿಯೂತವೂ ಇಲ್ಲ. ಎರಡು ಪ್ರತಿಗಳಲ್ಲಿ ಒಂದನ್ನಷ್ಟೇ ತೆಗೆದರೂ ಬಹುಮಟ್ಟಿಗೆ ಗುಣ ಕಂಡಿತು. ಕಸ ಹಾಗೆಯೇ ಬಿದ್ದಿದೆ, ಗುಡಿಸುವವನು ಬರಲಿಲ್ಲ. ಆದರೆ ಕೂಗುವವನು ಇಲ್ಲದ್ದರಿಂದ ಮನೆ ಉಳಿಯಿತು. ನಾನು ಇದನ್ನು ಓದಿದ್ದು ರಾತ್ರಿ ಹನ್ನೊಂದರ ಹೊತ್ತಿಗೆ. ಊರಲ್ಲಿ ಆಗ ಬೆಳಗಾಗಿರುತ್ತದೆ. ಫೋನ್ ಮಾಡಿ ತಂಗಿಗೆ ಹೇಳಿದೆ. "ಇಲಿ ಬದುಕಿತಲ್ಲ, ಸಂತೋಷ. ನಂಗೇನು ಬಂತು?" ಅಂದಳು. ಅವಳು ಕೇಳಿದ್ದು ಸರಿ. ಲೂಪಸ್ ಬಂದ ಬಹುತೇಕರಲ್ಲಿ ಒಂದೇ ಜೀನು ಕೆಟ್ಟಿರುವುದಿಲ್ಲ. ಹತ್ತಾರು ಸಣ್ಣ ದೋಷ, ಹಾರ್ಮೋನು, ಬಿಸಿಲು, ಸೋಂಕು ಎಲ್ಲ ಸೇರಿ ಆಗುವಂಥದ್ದು. ಇಲಿಯ ಲೆಕ್ಕ ಮನುಷ್ಯರ ಖಾತೆಗೆ ನೇರವಾಗಿ ಜಮಾ ಆಗುವುದಿಲ್ಲ.

ಬಿಸಿಲು ಅಂದೆ. ಲೂಪಸ್ ಇದ್ದವರಿಗೆ ಬಿಸಿಲಿಗೆ ಹೋಗಬೇಡಿ ಎಂದು ಡಾಕ್ಟರುಗಳು ಏಕೆ ಅಷ್ಟು ಒತ್ತಿ ಹೇಳುತ್ತಾರೆ ಎನ್ನುವುದಕ್ಕೂ ಇಲ್ಲೇ ಒಂದು ಎಳೆ ಸಿಗುತ್ತದೆ. ನೇರಳಾತೀತ ಕಿರಣ ಬಿದ್ದು ಹಾಳಾದ ಡಿಎನ್‌ಎಯನ್ನು ಟ್ರೆಕ್ಸ್-1 ಸುಲಭವಾಗಿ ಕತ್ತರಿಸಲಾರದು. ಕಸ ಉಳಿಯುತ್ತದೆ, ಕಾವಲುಗಾರ ಕೂಗುತ್ತಾನೆ. ದಾವಣಗೆರೆಯ ಏಪ್ರಿಲ್ ಬಿಸಿಲು, ಟೆಕ್ಸಾಸಿನ ಆಗಸ್ಟ್ ಬಿಸಿಲು ಎರಡೂ ಒಂದೇ. ತುಂಬುತೋಳು, ಛತ್ರಿ, ಸನ್‌ಸ್ಕ್ರೀನು ಅವಳಿಗೆ ಸೌಂದರ್ಯದ ಸಾಮಾನಲ್ಲ, ಔಷಧಿ. ಇದನ್ನು ಅವಳ ಅತ್ತೆಗೆ ವಿವರಿಸಿ ಹೇಳಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಆದರೆ ಅವರಿಗೆ ಅರ್ಥವಾಯಿತು. ಈಗ ಹೊರಡುವಾಗ ಛತ್ರಿ ಕೊಡುವವರು ಅವರೇ.

ಇಂಟರ್‌ಫೆರಾನಿನ ಡಂಗುರ ಲೂಪಸ್ ರೋಗಿಗಳ ರಕ್ತದಲ್ಲಿ ಅಚ್ಚೊತ್ತಿದಂತೆ ಕಾಣುತ್ತದೆ ಎಂಬುದನ್ನು 2003ರಲ್ಲಿ ತೋರಿಸಿದವರಲ್ಲಿ ಡಲ್ಲಾಸಿನ ಬೇಲರ್ ಸಂಶೋಧನಾ ಸಂಸ್ಥೆಯ ತಂಡವೂ ಒಂದು. ಅವರು ನೋಡಿದ್ದು ಲೂಪಸ್ ಬಂದ ಮಕ್ಕಳ ರಕ್ತವನ್ನು. 2021ರಲ್ಲಿ ಆನಿಫ್ರೋಲುಮಾಬ್ ಎಂಬ ಲೂಪಸ್ ಇಂಜೆಕ್ಷನ್ನಿಗೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತಲ್ಲ, ಅದು ಈ ಡಂಗುರ ಕೇಳಿಸಿಕೊಳ್ಳುವ ಕಿವಿಯನ್ನೇ ಮುಚ್ಚುತ್ತದೆ. ಸಿಗ್ಯಾಸನ್ನೇ ತಡೆಯುವ ಮಾತ್ರೆಗಳ ಮೇಲೆ ಹಲವು ಕಡೆ ಕೆಲಸ ನಡೆದಿದೆ. ಒಂದು ತಮಾಷೆ ಕೇಳಿ. ತಂಗಿ ಅರ್ಧ ಮಾಡಿದ ಆ ಹಳೆಯ ಮಲೇರಿಯಾ ವಂಶದ ಮಾತ್ರೆ, ಹೈಡ್ರಾಕ್ಸಿಕ್ಲೋರೋಕ್ವಿನ್, ಅದು ಮಾಡುವ ಹಲವು ಕೆಲಸಗಳಲ್ಲಿ ಡಿಎನ್‌ಎ ಸಿಗ್ಯಾಸಿಗೆ ಅಂಟದಂತೆ ತಡೆಯುವುದೂ ಒಂದಿರಬಹುದು ಎಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ನಾನು ಸೂಟ್‌ಕೇಸಿನಲ್ಲಿ ಒಯ್ದದ್ದು ಗಂಟೆ ಬಾರಿಸುವ ಡಬ್ಬಿ. ಗಂಟೆ ನಿಲ್ಲಿಸುವ ಮಾತ್ರೆ, ಕೆಲವೇ ರೂಪಾಯಿಯದ್ದು, ಅವಳ ಮನೆಯ ಗೂಡಿನಲ್ಲೇ ಇತ್ತು. 2020ರಲ್ಲಿ ಕೊರೊನಾಕ್ಕೆ ಅದೇ ಮದ್ದು ಎಂದು ಜನ ಮುಗಿಬಿದ್ದಾಗ ಇಲ್ಲಿಯೂ ಅಲ್ಲಿಯೂ ಲೂಪಸ್ ಇದ್ದವರು ಅಂಗಡಿಯಿಂದ ಅಂಗಡಿಗೆ ಅಲೆದರು. ಆ ತಿಂಗಳುಗಳನ್ನು ನಾನು ಮರೆಯುವುದಿಲ್ಲ.

ಆ ಮಾತ್ರೆ ತಿನ್ನುವವರು ಇಲ್ಲಿದ್ದರೆ ಒಂದು ಮಾತು. ಡೋಸು ನಿಮ್ಮ ತೂಕಕ್ಕೆ ಕೆಜಿಗೆ ದಿನಕ್ಕೆ 5 ಮಿಲಿಗ್ರಾಂ ದಾಟಬಾರದು. ಶುರುವಿನ ವರ್ಷದಲ್ಲೇ ಒಂದು ಸಲ, ಐದು ವರ್ಷವಾದ ಮೇಲೆ ಪ್ರತಿ ವರ್ಷ, ಕಣ್ಣಿನ ರೆಟಿನಾ ತಪಾಸಣೆ ಮಾಡಿಸಿ.

ಇನ್ನೊಂದು ಕಿಣ್ವದ ಕುಟುಂಬವನ್ನು ಹೇಳದೆ ಬಿಡಲಾಗದು, ಏಕೆಂದರೆ ಈ ಸಭೆಯಲ್ಲೇ ಅದರ ಮಾತ್ರೆ ನುಂಗುವವರು ಇರಬಹುದು. ಡಂಗುರ ಕೋಶದ ಹೊರಬಾಗಿಲಿಗೆ ಬಂದಿತಲ್ಲ, ಅದನ್ನು ಒಳಕ್ಕೆ ಸಾಗಿಸುವವರು ಜ್ಯಾಕ್ ಎಂಬ ಕಿಣ್ವಗಳು. ಇವುಗಳ ಕೆಲಸ ಸೀಲು ಒತ್ತುವುದು. ತಾಲೂಕು ಕಚೇರಿಯಲ್ಲಿ ಸೀಲು ಬೀಳದ ಫೈಲು ಮುಂದಿನ ಮೇಜಿಗೆ ಹೋಗದು. ಹಾಗೆಯೇ ಇಲ್ಲಿ ಫಾಸ್ಫೇಟ್ ಎಂಬ ಸೀಲು. ಜ್ಯಾಕ್ ಎಂದರೆ ಜೇನಸ್, ರೋಮನ್ನರ ಎರಡು ಮುಖದ ದೇವರು. ಈ ಕಿಣ್ವಕ್ಕೂ ಎರಡು ಮುಖ: ಒಂದು ಸೀಲು ಒತ್ತುವ ಮುಖ, ಇನ್ನೊಂದು ಅದನ್ನು ಹಿಡಿತದಲ್ಲಿಡುವ ಮುಖ. ಕುಟುಂಬದಲ್ಲಿ ನಾಲ್ವರು: ಜ್ಯಾಕ್-1, ಜ್ಯಾಕ್-2, ಜ್ಯಾಕ್-3, ಟೈಕ್-2.

ಹ್ಯೂಸ್ಟನ್ನಿನವರಿಗೆ ಡೇವಿಡ್ ವೆಟರ್ ಎಂಬ ಹುಡುಗನ ಹೆಸರು ಗೊತ್ತಿರುತ್ತದೆ. 1971ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡ, ಬಹುತೇಕ ಬದುಕನ್ನೆಲ್ಲ ಪ್ಲಾಸ್ಟಿಕ್ ಗುಳ್ಳೆಯೊಳಗೆ ಕಳೆದ ಮಗು. ಅವನಿಗೆ ಕೆಟ್ಟಿದ್ದದ್ದು ಜ್ಯಾಕ್-3 ಕೂತು ಕೆಲಸ ಮಾಡುವ ಕುರ್ಚಿ. ಅದು ಗೊತ್ತಾದದ್ದು ಅವನು ಹೋಗಿ ಒಂಬತ್ತು ವರ್ಷದ ಮೇಲೆ, 1993ರಲ್ಲಿ. ಜ್ಯಾಕ್-3 ಇಲ್ಲದೆ ಹುಟ್ಟಿದ ಮಕ್ಕಳಿಗೂ ಅದೇ ಗತಿ ಎಂದು ಆಮೇಲೆ ತಿಳಿಯಿತು. ಸೀಲು ಬೀಳದಿದ್ದರೆ ಒಂದು ನೆಗಡಿಯೂ ಕೊಲ್ಲಬಹುದು. ಹಾಗಾದರೆ ಅತಿಯಾಗಿ ಬೀಳುವ ಸೀಲನ್ನು ಅರ್ಧಕ್ಕೆ ಇಳಿಸಿದರೆ? ಈ ಯೋಚನೆಯಿಂದ ಹುಟ್ಟಿದ್ದು ಟೊಫಾಸಿಟಿನಿಬ್ ಎಂಬ ಮಾತ್ರೆ. ಸಂಧಿವಾತಕ್ಕೆ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್‌ಗೆ, 2012ರ ನವೆಂಬರಿನಲ್ಲಿ ಎಫ್‌ಡಿಎ ಒಪ್ಪಿತು. ಮೊದಲು ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕಿದ್ದವರು ಈಗ ಮಾತ್ರೆ ನುಂಗುತ್ತಾರೆ.

ಇದೇ ಗುಂಪಿನ ರಕ್ಸೋಲಿಟಿನಿಬ್ ಮುಲಾಮಿಗೆ 2022ರ ಜುಲೈನಲ್ಲಿ ಇನ್ನೊಂದು ಕಾಯಿಲೆಗಾಗಿ ಒಪ್ಪಿಗೆ ಸಿಕ್ಕಿತು. ಆ ಕಾಯಿಲೆಯ ಹೆಸರನ್ನು ನಮ್ಮ ಮನೆಗಳಲ್ಲಿ ದನಿ ತಗ್ಗಿಸಿ ಹೇಳುತ್ತಾರೆ: ತೊನ್ನು. ಇದು ಅಂಟುರೋಗವಲ್ಲ, ಶಾಪವಲ್ಲ, ಹಾಲು-ಮೀನು ಒಟ್ಟಿಗೆ ತಿಂದದ್ದಕ್ಕೆ ಬಂದದ್ದೂ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ನಮ್ಮದೇ ಕಾವಲುಗಾರರು ಕಳ್ಳರೆಂದು ಹೊಡೆಯುತ್ತಾರೆ, ಆ ಹೊಡೆತಕ್ಕೆ ಆದೇಶ ಸಾಗುವುದು ಈ ಜ್ಯಾಕ್ ಸೀಲಿನ ಮೂಲಕ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗಿ ಇದ್ದಳು, ಚೆನ್ನಾಗಿ ಹಾಡುತ್ತಿದ್ದಳು. ಮೊಣಕೈ ಹತ್ತಿರ ರೂಪಾಯಿ ಅಗಲದ ಬಿಳಿ ಮಚ್ಚೆ. ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಹೋದವರು ಫೋನೂ ಮಾಡಲಿಲ್ಲ. ಆಮೇಲೆ ಅವಳ ತಂಗಿಗೂ ಸಂಬಂಧ ಬರಲಿಲ್ಲ. ಇಲ್ಲಿ ಇಪ್ಪತ್ತು ವರ್ಷ ಇದ್ದು, ಮಕ್ಕಳಿಗೆ ಬಯಾಲಜಿ ಓದಿಸಿ, ಇಂದಿಗೂ ಜಾತಕದ ಜೊತೆಗೆ "ಚರ್ಮದ ತೊಂದರೆ ಏನೂ ಇಲ್ಲ ತಾನೆ?" ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ನನಗೆ ಇದರ ಬಗ್ಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಆದರೆ ಈ ಮಾತ್ರೆಗಳ ಬ್ಯಾಲೆನ್ಸ್ ಶೀಟಿನಲ್ಲಿ ಸಾಲದ ಕಡೆಯೂ ಇದೆ. ಹೃದಯಾಘಾತ, ರಕ್ತ ಹೆಪ್ಪುಗಟ್ಟುವುದು, ಕ್ಯಾನ್ಸರ್ ಇವುಗಳ ಅಪಾಯ ಹೆಚ್ಚುತ್ತದೆ ಎಂದು 2021ರ ಸೆಪ್ಟೆಂಬರಿನಲ್ಲಿ ಎಫ್‌ಡಿಎ ಟೊಫಾಸಿಟಿನಿಬ್ ಮತ್ತು ಅದರ ಜೊತೆಯವಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಇದರಿಂದ ಸರ್ಪಸುತ್ತು ಬರುವುದೂ ಹೆಚ್ಚು. ಲಸಿಕೆ ಮೊದಲೇ ಹಾಕಿಸಿಕೊಳ್ಳಬೇಕು. ನಮ್ಮ ಊರಿನವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕ್ಷಯ. ಎಳೆವಯಸ್ಸಿನಲ್ಲಿ ಬಂದು ಶ್ವಾಸಕೋಶದಲ್ಲಿ ಸದ್ದಿಲ್ಲದೆ ಮಲಗಿರುವ ಟಿಬಿ, ಕಾವಲು ಸಡಿಲವಾದರೆ ಏಳುತ್ತದೆ. ಮಾತ್ರೆ ಶುರುವಾಗುವ ಮೊದಲು ಟಿಬಿ ಪರೀಕ್ಷೆ ಕೇಳಿ ಮಾಡಿಸಿ. ನಮಗೆಲ್ಲ ಬಿಸಿಜಿ ಚುಚ್ಚಿರುವುದರಿಂದ ಚರ್ಮದ ಪರೀಕ್ಷೆ ತಪ್ಪು ದಾರಿ ಹಿಡಿಸಬಹುದು; ರಕ್ತದ ಪರೀಕ್ಷೆ ಮಾಡಿಸಿ. ಭಾರತದಲ್ಲಿ ಟೊಫಾಸಿಟಿನಿಬ್ ಅಗ್ಗವಾಗಿ ಸಿಗುತ್ತದೆಂದು ಯಾರದೋ ಬ್ಯಾಗಿನಲ್ಲಿ ತರಿಸಿಕೊಂಡು, ಡಾಕ್ಟರಿಗೆ ಹೇಳದೆ ನುಂಗುವವರನ್ನು ನೋಡಿದ್ದೇನೆ. ಸೂಟ್‌ಕೇಸಿನಲ್ಲಿ ಔಷಧಿ ಒಯ್ಯುವುದರ ಬಗ್ಗೆ ಮಾತಾಡಲು ನನಗಿಂತ ಹೆಚ್ಚು ಅರ್ಹತೆ ಇಲ್ಲಿ ಯಾರಿಗೂ ಇಲ್ಲ. ದಯವಿಟ್ಟು ಬೇಡ.

ಕುಟುಂಬದ ನಾಲ್ಕನೆಯವನು ಟೈಕ್-2. ಸೀಲು ಒತ್ತುವ ಮುಖವನ್ನು ಮುಚ್ಚದೆ, ಹಿಡಿತದಲ್ಲಿಡುವ ಮುಖವನ್ನು ಹಿಡಿಯುವ ಒಂದು ಮಾತ್ರೆಗೆ 2022ರ ಸೆಪ್ಟೆಂಬರಿನಲ್ಲಿ ಸೋರಿಯಾಸಿಸ್‌ಗಾಗಿ ಒಪ್ಪಿಗೆ ಬಂತು. ಟೈಕ್-2 ಜೀನಿನಲ್ಲಿ ಒಂದು ಸಣ್ಣ ಬದಲಾವಣೆ ಇರುವವರಿಗೆ ಹುಟ್ಟಿನಿಂದಲೇ ಹಲವು ಸ್ವಯಂನಿರೋಧಕ ಕಾಯಿಲೆಗಳು ಬರುವುದು ಕಡಿಮೆ. ಆದರೆ ತಂದೆ ತಾಯಿ ಇಬ್ಬರಿಂದಲೂ ಆ ಬದಲಾವಣೆ ಬಂದರೆ ಕ್ಷಯ ತಗುಲುವ ಅಪಾಯ ಹೆಚ್ಚು. ಡೆಬಿಟ್ ಇಲ್ಲದ ಕ್ರೆಡಿಟ್ ದೇಹದಲ್ಲೂ ಇಲ್ಲ.

ಕೊನೆಯದಾಗಿ ನನ್ನ ಕಸುಬಿನ ಮಾತು ಸ್ವಲ್ಪ. ಈ ಔಷಧಿಗಳು ಇಲ್ಲಿ ದುಬಾರಿ. ಇನ್ಶೂರೆನ್ಸಿನವರು ಮೊದಲು ಅನುಮತಿ ಕೇಳುತ್ತಾರೆ, ಅಗ್ಗದ್ದನ್ನು ಮೊದಲು ತಿಂದು ನೋಡಿ ಎನ್ನುತ್ತಾರೆ, ಆಮೇಲೆ "ಇಲ್ಲ" ಎಂದು ಕಾಗದ ಕಳಿಸುತ್ತಾರೆ. ನಮ್ಮ ಜನ ಆ ಕಾಗದವನ್ನು ಕೋರ್ಟಿನ ತೀರ್ಪೆಂದು ತಿಳಿದು ಮಡಚಿಡುತ್ತಾರೆ. ಅದು ತೀರ್ಪಲ್ಲ. ಸಾಮಾನ್ಯವಾಗಿ ಆ ಕಾಗದ ಬಂದ 180 ದಿನದೊಳಗೆ ಮೇಲ್ಮನವಿ ಹಾಕಬಹುದು. ಅಲ್ಲಿಯೂ ಆಗದಿದ್ದರೆ ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ವಿಮರ್ಶೆ ಕೇಳಬಹುದು. ಡಾಕ್ಟರಿಂದ ಪತ್ರ ಬರೆಸಿ, ಹಿಂದೆ ಯಾವ ಔಷಧಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ತಿಂದಿರಿ, ಏನಾಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ದೊಡ್ಡ ಕಂಪನಿಗಳ ಪ್ಲಾನುಗಳಲ್ಲಿ ಬಹಳಷ್ಟಕ್ಕೆ ಕಂಪನಿಯೇ ದುಡ್ಡು ಕೊಡುತ್ತದೆ, ಇನ್ಶೂರೆನ್ಸಿನವರು ಬರೀ ಕಾರಕೂನರು. ಅಂಥದಕ್ಕೆ ಟೆಕ್ಸಾಸಿನ ವಿಮಾ ಕಾನೂನು ಅನ್ವಯಿಸದು, 1974ರ ಕೇಂದ್ರ ಕಾನೂನು ಅನ್ವಯಿಸುತ್ತದೆ. ನಿಮ್ಮದು ಯಾವುದು ಎಂದು ಎಚ್ಆರ್‌ನವರನ್ನು ಕೇಳಿ.

ಎಚ್-1ಬಿಯಲ್ಲಿರುವ ತಮ್ಮಂದಿರು, ತಂಗಿಯರು ಇದನ್ನು ಕೇಳಿ. ಕೆಲಸ ಹೋದರೆ ದೇಶದಲ್ಲಿರಲು ಹೆಚ್ಚೆಂದರೆ 60 ದಿನ. ಹಳೆಯ ವಿಮೆಯನ್ನು ಕೋಬ್ರಾ ಅಡಿಯಲ್ಲಿ 18 ತಿಂಗಳವರೆಗೆ ಮುಂದುವರಿಸಬಹುದು, ಆದರೆ ಪೂರ್ತಿ ಪ್ರೀಮಿಯಂ ಮತ್ತು ಮೇಲೆ 2 ಶೇಕಡಾ ನಿಮ್ಮ ಜೇಬಿನಿಂದ. ಸೇರುವುದಕ್ಕೂ 60 ದಿನದ ಗಡುವಿದೆ. ಮನೆಯಲ್ಲಿ ಒಬ್ಬರು ಇಂಥ ಔಷಧಿ ತಿನ್ನುತ್ತಿದ್ದರೆ ಕೆಲಸ ಹೋದ ದಿನ ಮೊದಲು ಮಾಡಬೇಕಾದ ಫೋನು ರಿಕ್ರೂಟರಿಗಲ್ಲ, ಔಷಧಿ ಬರೆದ ಡಾಕ್ಟರಿಗೆ. ಎಷ್ಟು ದಿನದ ಮಾತ್ರೆ ಉಳಿದಿದೆ, ನಡುವೆ ಬಿಟ್ಟರೆ ಏನಾಗುತ್ತದೆ, ಊರಿಗೆ ಹೋದರೆ ಅಲ್ಲಿ ಯಾವುದು ಸಿಗುತ್ತದೆ, ಈ ಮೂರು ಕೇಳಿ.

ತಂಗಿಯದು ಏನಾಯಿತು ಎಂದು ಕೇಳುತ್ತೀರಿ. ಪೂರ್ತಿ ಮಾತ್ರೆ ತಿನ್ನುತ್ತಿದ್ದಾಳೆ. ಆರು ತಿಂಗಳಿಗೊಮ್ಮೆ ಮೂತ್ರದ ರಿಪೋರ್ಟು ವಾಟ್ಸ್ಯಾಪಿನಲ್ಲಿ ಬರುತ್ತದೆ, ನಾನು ಎಕ್ಸೆಲ್ಲಿನಲ್ಲಿ ಏರಿಸುತ್ತೇನೆ. ಹೋದ ಸಲದ್ದು ಚೆನ್ನಾಗಿತ್ತು. ಅದರ ಕೆಳಗೆ ಒಂದು ಸಾಲು ಟೈಪ್ ಮಾಡಿದ್ದಳು: "ಈ ಸಲ ಬರುವಾಗ ಡಬ್ಬಿ ಬೇಡ. ಒಂದು ಒಳ್ಳೆ ಟೋಪಿ ತಾ, ಅಂಚು ಅಗಲ ಇರಲಿ."

ಊಟಕ್ಕೆ ಹೊತ್ತಾಯಿತು, ಬಿಸಿಬೇಳೆಬಾತಿನ ವಾಸನೆ ನನಗೂ ಬರುತ್ತಿದೆ. ಕಾಯಿಲೆಯ ಪ್ರಶ್ನೆಗಳನ್ನು ಮುಂದಿನ ಸಾಲಿನಲ್ಲಿ ಕೂತಿರುವ ಡಾಕ್ಟರುಗಳಿಗೆ ಕೇಳಿ. ಇನ್ಶೂರೆನ್ಸಿನ ಕಾಗದ ತಂದವರು ನನ್ನ ಮೇಜಿಗೆ ಬನ್ನಿ, ಕನ್ನಡಕ ತಂದಿದ್ದೇನೆ.